ಮೂಟೆ ಎಣಿಸದೆ ಗೋದಾಮು ಬಿಡಬಾರದು

ಕಳೆದ ಬೇಸಿಗೆಯಲ್ಲಿ ನೆಂಟರ ಮನೆಯ ಕಾರ್ಯಕ್ಕೆಂದು ಸಿಂಧನೂರು ತಾಲ್ಲೂಕಿನ ದಢೇಸುಗೂರಿಗೆ ಹೋಗಿದ್ದೆ. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಆ ಸೀಮೆಗೂ ನಮ್ಮ ಕಾಫಿ, ಅಡಿಕೆ ತೋಟಗಳಿಗೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಆದರೆ ಆ ಕಡೆಯ ಸಹಕಾರ ಸಂಘವೊಂದರ ಕಾರ್ಯದರ್ಶಿಗಳ ಚಿಂತೆ ನಾಳೆ ನಮ್ಮದೂ ಆಗುವಂಥದು.

"ಹಳೇ ಕಂಪ್ಯೂಟರಿನ್ಯಾಗ ಎಂಬತ್ತು ಜಿಬಿ ಇತ್ರಿ. ಹೊಸದಕ್ಕ ಹಾಕಿದ ಮ್ಯಾಲ ಎಪ್ಪತ್ತೊಂದು ತೋರಸ್ತದ. ಒಂಬತ್ತು ಎಲ್ಲಿ ಹೋತ್ರಿ?" ಎಂದು ಅವರು ಕೇಳಿದರು.

ಹುಡುಕಿದಾಗ ಆ ಒಂಬತ್ತು ಬರೀ ಕಸವೆಂದು ತಿಳಿಯಿತು. ಅಳಿಸಿ ಬುಟ್ಟಿಗೆ ಹಾಕಿದ್ದು, ಯಂತ್ರ ತನ್ನ ಕೆಲಸಕ್ಕೆ ಮಾಡಿಕೊಂಡ ತಾತ್ಕಾಲಿಕ ಕಡತಗಳು. ಆದರೆ ಕಡತಗಳನ್ನು ಒಂದೊಂದಾಗಿ ಎಣಿಸಿದಾಗ ಬೇರೊಂದು ಸಂಗತಿ ಹೊರಬಿತ್ತು. ಗುಮಾಸ್ತರು ಬೇರೆ ಜಾಗದಲ್ಲಿಟ್ಟಿದ್ದ ಅಡಮಾನ ಸಾಲದ ಪಟ್ಟಿ ಹೊಸ ಯಂತ್ರಕ್ಕೆ ಬಂದೇ ಇರಲಿಲ್ಲ. ಅದರ ಗಾತ್ರ ಕೆಲವೇ ಕೆಬಿ. ಜಿಬಿ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ರೈತರ ಪಾಲಿಗೆ ಮಾತ್ರ ಅದೇ ಸರ್ವಸ್ವ.

ಗಾತ್ರದ ವ್ಯತ್ಯಾಸಕ್ಕೆ ಹೆದರಬೇಕಾಗಿಲ್ಲ, ಗಾತ್ರ ಸರಿಹೊಂದಿತೆಂದು ನಂಬಲೂಬಾರದು. ಹಿಂದೆ ಒಂದೊಂದು ಊರಿನ ಮಣ ಒಂದೊಂದು ತೂಕವಿದ್ದಂತೆ ಇಲ್ಲಿಯೂ ಅಳತೆಗಳು ಬೇರೆ. ಮೇಲೆ 500 ಜಿಬಿ ಎಂದು ಬರೆದ ಡಿಸ್ಕನ್ನು ವಿಂಡೋಸ್ 465 ಎಂದು ತೋರಿಸುತ್ತದೆ; ತಯಾರಕರದು ಸಾವಿರದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ. ನಮ್ಮ ಕನ್ನಡವೂ ಗಾತ್ರವನ್ನು ಬದಲಿಸುತ್ತದೆ. ಹಳೆಯ ನುಡಿ ಅಕ್ಷರದಲ್ಲಿ ನಾಲ್ಕೈದು ಬೈಟಿನಲ್ಲಿ ಮುಗಿಯುತ್ತಿದ್ದ 'ಅಡಿಕೆ' ಎಂಬ ಪದ ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ 15 ಬೈಟ್ ಹಿಡಿಯುತ್ತದೆ. ಪದ ಅದೇ, ತೂಕ ಮಾತ್ರ ಬೇರೆ.

ಕಾಫಿ ಚೆರ್ರಿಯನ್ನು ಕ್ಯೂರಿಂಗಿಗೆ ಕೊಟ್ಟಾಗ ಸಿಪ್ಪೆ ಹೋಗಿ ತೂಕ ಇಳಿದರೆ ನಾವು ಕಳವು ಎನ್ನುವುದಿಲ್ಲ, ಔಟ್‌ಟರ್ನ್ ನೋಡುತ್ತೇವೆ. ಮೂಟೆಯೇ ಕಡಮೆಯಾದರೆ ಮಾತ್ರ ಬಿಡುವುದಿಲ್ಲ. ಗಣಕದ ಲೆಕ್ಕಕ್ಕೂ ಇದೇ ನ್ಯಾಯ ಸಲ್ಲಬೇಕು.

2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಕೆಲಸ ಒಳ್ಳೆಯದೇ. ಆದರೆ ಹಳೆಯ ಲೆಕ್ಕ ಹೊಸ ಯಂತ್ರಕ್ಕೆ ಹೋಗುವ ಆ ಒಂದೆರಡು ದಿನದಲ್ಲಿ ಸಣ್ಣ ಹಿಡುವಳಿದಾರನ ಹೆಸರು ಜಾರಿಹೋದರೆ, ಕಟ್ಟಿದ ಕಂತಿಗೆ ಸಾಕ್ಷಿ ಹೇಳಲು ಅವನ ಬಳಿಯ ರಸೀದಿಯಷ್ಟೇ ಉಳಿಯುತ್ತದೆ. ಅದೂ ಗೆದ್ದಲು ಹಿಡಿಯದೆ ಉಳಿದಿದ್ದರೆ!

ಆದುದರಿಂದ ಪ್ರತಿ ಸಂಘವೂ ಮೂರು ಕೆಲಸಗಳನ್ನು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಮೊದಲನೆಯದು, ಎರಡೂ ಯಂತ್ರಗಳ ಕಡತಗಳನ್ನು ಹೆಸರು ಹಿಡಿದು ಎಣಿಸುವುದು. ಎರಡನೆಯದು, ಸದಸ್ಯರ ಸಂಖ್ಯೆ, ಷೇರು, ಠೇವಣಿ, ಸಾಲ, ದಾಸ್ತಾನು ಇವುಗಳ ಮೊತ್ತವನ್ನು ಪೈಸೆಯವರೆಗೆ ತಾಳೆ ನೋಡಿ, ಕೆಲವು ಸದಸ್ಯರ ಖಾತೆಗಳನ್ನು ಅವರೆದುರಿಗೇ ತೆರೆದು ಓದುವುದು. ಮೂರನೆಯದು, ಮುಂದಿನ ಲೆಕ್ಕಪರಿಶೋಧನೆ ಮುಗಿಯುವ ತನಕ ಹಳೆಯ ಯಂತ್ರವನ್ನು ಅಳಿಸದೆ, ಮಾರದೆ ಬೀಗ ಹಾಕಿಡುವುದು.

ಇದಕ್ಕೆಲ್ಲ ಪುರುಸೊತ್ತು ಎಲ್ಲಿದೆ, ಯಂತ್ರದವರು ಎಲ್ಲ ಬಂದಿದೆ ಎಂದಿದ್ದಾರಲ್ಲ ಎಂಬ ಮಾತು ಬರುತ್ತದೆ. ಯಂತ್ರದವರಿಗೆ ನಮ್ಮ ಡಿಸ್ಕು ಗೊತ್ತು, ನಮ್ಮ ಸಾಲ ಗೊತ್ತಿಲ್ಲ. ಎಣಿಸಬೇಕಾದವರು ನಾವೇ. ಬರುವ ವಾರ್ಷಿಕ ಮಹಾಸಭೆಯಲ್ಲಿ ಊಟದ ಗಂಟೆಗೆ ಮೊದಲು ಈ ಪ್ರಶ್ನೆಯನ್ನು ಒಬ್ಬರಾದರೂ ಎದ್ದು ಕೇಳಲಿ.