ಎರಡನೆಯ ಡೋಸ್ ತಪ್ಪದಿರಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಒಂಟಿಮನೆಗಳಲ್ಲಿ ಮಕ್ಕಳಿಗೆ ಲಸಿಕೆ ತಪ್ಪುವುದಕ್ಕೆ ದೂರ, ಮಳೆ, ಅಡಿಕೆ ಕೊಯ್ಲುಗಳೇ ಹಲವು ಬಾರಿ ಕಾರಣವಾಗುತ್ತವೆ. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದಾಗ. ಎರಡನೆಯದು 16ರಿಂದ 24 ತಿಂಗಳೊಳಗೆ. ಅಷ್ಟರಲ್ಲಿ ತಾಯಿ ಕೆಲಸಕ್ಕೆ ಮರಳಿರುತ್ತಾಳೆ, ಎರಡನೆಯದು ಮರೆತುಹೋಗುವುದುಂಟು. ಚುಚ್ಚುಮದ್ದಿನ ಜ್ವರಕ್ಕೆ ಅಂಜಿ ಹಿರಿಯರು ಬೇಡವೆನ್ನುವುದೂ ಉಂಟು. ಆ ಜ್ವರ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ದಡಾರದಿಂದ ತಗಲುವ ನ್ಯುಮೋನಿಯಾ ಪ್ರಾಣವನ್ನೇ ಕೊಂಡೊಯ್ಯಬಲ್ಲುದು. ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಡೋಸ್ ದೊರೆತರೆ, ಲಸಿಕೆಯ ವಯಸ್ಸಾಗದ ಹಸುಳೆಗಳಿಗೂ ರಕ್ಷಣೆ ದೊರೆಯುತ್ತದೆ.

ಆದ್ದರಿಂದ ತೋಟವುಳ್ಳ ಸದ್ಭಕ್ತರು ಲಸಿಕೆಯ ದಿನ ಕೆಲಸದ ತಾಯಂದಿರಿಗೆ ಕೂಲಿ ಕಡಿಯದೆ ಬಿಡುವು ನೀಡಬೇಕು. ಕೊಯ್ಲಿಗೆಂದು ಪರವೂರುಗಳಿಂದ ಬಂದವರ ಮಕ್ಕಳನ್ನೂ ಆಶಾ ಕಾರ್ಯಕರ್ತೆಯರ ಗಮನಕ್ಕೆ ತರಬೇಕು. ಇದೂ ದಾಸೋಹವೇ.