ಕರೆಂಟು ಮೂವತ್ತು ದಿನ, ರೈಲೂ ಮೂವತ್ತು ದಿನ

ಮಿದುಳಿನ ಕ್ಯಾನ್ಸರ್ ಅಂದರೆ ಮುಗಿಯಿತು, ಇನ್ನು ದುಡ್ಡು ಸುರಿದು ಏನು ಪ್ರಯೋಜನ? ಈ ಮಾತು ನಮ್ಮ ಕಡೆ ಮನೆಯವರಿಗಿಂತ ಮೊದಲು ನೆಂಟರ ಬಾಯಲ್ಲಿ ಬರುತ್ತದೆ. ಅದು ಅರ್ಧ ಸತ್ಯ.

ತಲೆಯೊಳಗಿನ ಗೆಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ಮೆನಿಂಜಿಯೋಮಾ ಅನ್ನುವ ಗೆಡ್ಡೆ ಬಹುಪಾಲು ಸಾಧು. ಆಪರೇಷನ್ ಮಾಡಿಸಿಕೊಂಡು ಎಷ್ಟೋ ವರ್ಷ ಬದುಕುವವರಿದ್ದಾರೆ. ಕೆಟ್ಟದ್ದು ಗ್ಲಿಯೋಬ್ಲಾಸ್ಟೋಮಾ. ಅದರ ಮೇಲೆ 2005ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಬರೀ ವಿಕಿರಣ ಪಡೆದವರಲ್ಲಿ ಅರ್ಧ ಜನ ಸುಮಾರು 12 ತಿಂಗಳು ದಾಟಿದರು. ಜೊತೆಗೆ ಟೆಮೊಝೊಲೊಮೈಡ್ ಮಾತ್ರೆ ತಗೊಂಡವರಲ್ಲಿ ಅರ್ಧ ಜನ 14 ತಿಂಗಳು ದಾಟಿದರು. ಎರಡೂವರೆ ತಿಂಗಳಿಗೆ ಇಷ್ಟೆಲ್ಲ ಯಾಕೆ ಅನ್ನಬೇಡಿ. ಎರಡು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ ಹತ್ತು, ಎರಡನೆಯದರಲ್ಲಿ ಇಪ್ಪತ್ತಾರು. ಆ ಇಪ್ಪತ್ತಾರರಲ್ಲಿ ನಮ್ಮ ಮನೆಯವರು ಇರುವುದಿಲ್ಲ ಅಂತ ತೀರ್ಮಾನಿಸಲು ನೆಂಟರು ಯಾರು?

ಆದರೆ ಆ ಚಿಕಿತ್ಸೆ ಮುಗಿಸುವುದೇ ಕೆಜಿಎಫ್, ಬಂಗಾರಪೇಟೆ ಜನಕ್ಕೆ ಕಷ್ಟ. ಆಪರೇಷನ್‌ಗೆ ನಿಮ್ಹಾನ್ಸ್, ಕರೆಂಟು ಕೊಡಿಸಲು ಅದರ ಪಕ್ಕದ ಕಿದ್ವಾಯಿ. ಕರೆಂಟು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು 30 ಸಲ. ಒಂದೊಂದು ಸಲ ಕೊಡುವುದು ಕೆಲವೇ ನಿಮಿಷ. ಅದಕ್ಕಾಗಿ ಕೆಜಿಎಫ್‌ನಿಂದ ಹೋಗಿಬರಲು ಇಡೀ ದಿನ ಬೇಕು. 1902ರಲ್ಲೇ ಶಿವನಸಮುದ್ರದಿಂದ ನಮ್ಮ ಗಣಿಗೆ ಕರೆಂಟು ಬಂದಿತ್ತು, ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಈಗ ಈ ಇನ್ನೊಂದು ಕರೆಂಟಿಗೆ ನಾವು ಅಲ್ಲಿಗೆ ಓಡಬೇಕು.

ಕಾರ್ಡಿನ ವಿಷಯ ಗೊತ್ತಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30 ಮಾತ್ರ. ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲಿನ ಸೆಕೆಂಡ್ ಕ್ಲಾಸಿನಲ್ಲಿ ಶೇ 75 ರಿಯಾಯಿತಿ ಇದೆ, ಅದರ ಫಾರಂ ಆಸ್ಪತ್ರೆಯಲ್ಲೇ ಕೇಳಿ ಪಡೆಯಬೇಕು. 'ಶಕ್ತಿ' ಬಸ್ಸಿನಲ್ಲಿ ಹೆಂಡತಿಗೆ ಟಿಕೆಟ್ ಇಲ್ಲ, ಕಾಯಿಲೆಯ ಗಂಡನಿಗೆ ಇದೆ! ಇನ್ನು ಹೋದ ಕೂಲಿ, ಮಧ್ಯಾಹ್ನದ ಊಟ, ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಲೆಕ್ಕ ಯಾವ ಕಾರ್ಡಿನಲ್ಲೂ ಇಲ್ಲ.

ಅದಕ್ಕೇ ನಾವು ಮೊದಲು ಕೇಳುವುದು ಖರ್ಚಿಲ್ಲದ ಒಂದು ಸಂಗತಿ: ದೂರದ ಊರಿನವರಿಗೆ ಅವರ ರೈಲು ನೋಡಿ ಕರೆಂಟಿನ ಟೈಮು ಕೊಡಿ, ಆರು ವಾರವೂ ಅದೇ ಟೈಮು ಇರಲಿ.

ಇದೆಲ್ಲ ರೋಗ ಗೊತ್ತಾದ ಮೇಲಿನ ಮಾತು. ಗೊತ್ತಾಗುವ ಹೊತ್ತಿಗೇ ತಡವಾಗಿರುತ್ತದೆ. ಬೆಳಿಗ್ಗೆ ಏಳುತ್ತಲೇ ತಲೆನೋವು, ಜೊತೆಗೆ ವಾಂತಿ, ದೊಡ್ಡವರಾದ ಮೇಲೆ ಮೊದಲ ಸಲ ಫಿಟ್ಸ್, ವಾರದಿಂದ ವಾರಕ್ಕೆ ಒಂದು ಕೈ ಸೋಲುವುದು, ಮಾತು ತಡವರಿಸುವುದು, ಸ್ವಭಾವವೇ ಬದಲಾಗುವುದು. ನಮ್ಮಲ್ಲಿ ಇದಕ್ಕೆ ಪಿತ್ತ, ಗಾಳಿ ಸೋಕಿದ್ದು, ಲಕ್ವ ಅಂತ ಹೆಸರಿಟ್ಟು ತಾಯಿತ ಕಟ್ಟಿಸುತ್ತಾರೆ. ಲಕ್ವ ಹೊಡೆಯುವುದು ದಿಢೀರನೆ, ಗೆಡ್ಡೆ ಸಾಮಾನ್ಯವಾಗಿ ನಿಧಾನಕ್ಕೆ ಬಲ ಕಸಿಯುತ್ತದೆ. ಬರೀ ತಲೆನೋವಿಗೆ ಹೆದರಬೇಡಿ, ಆದರೆ ಇವು ಕೂಡಿ ಬಂದರೆ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ.

ಬ್ರಿಟನ್ನಿನಲ್ಲಿ 2011ರಲ್ಲಿ ಹೆಡ್‌ಸ್ಮಾರ್ಟ್ ಅಂತ ಒಂದು ಅಭಿಯಾನ ಶುರುವಾಯಿತು. ಮಕ್ಕಳಲ್ಲಿ ಕಾಣುವ ಲಕ್ಷಣಗಳನ್ನು ಜೇಬಿಗೆ ಹಿಡಿಸುವ ಕಾರ್ಡಿನಲ್ಲಿ ಅಚ್ಚು ಹಾಕಿಸಿ ತಂದೆತಾಯಿಗೆ, ಡಾಕ್ಟರಿಗೆ ಹಂಚಿದರು. ರೋಗ ಪತ್ತೆಗೆ ಹಿಂದೆ ಹದಿಮೂರು ಹದಿನಾಲ್ಕು ವಾರ ಹಿಡಿಯುತ್ತಿದ್ದದ್ದು ಏಳು ವಾರದೊಳಕ್ಕೆ ಇಳಿಯಿತು. ನಮಗೆ ಅದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೇಕು, ಆಶಾ ಕಾರ್ಯಕರ್ತೆಯರ ಕೈಯಲ್ಲಿರಬೇಕು. 2022ರಲ್ಲಿ ನಿಮ್ಹಾನ್ಸ್ ಜೊತೆ ಸರ್ಕಾರ ಶುರುಮಾಡಿದ ಮಿದುಳು ಆರೋಗ್ಯ ಯೋಜನೆಗೆ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ತಲೆನೋವು, ಫಿಟ್ಸ್, ಪಾರ್ಶ್ವವಾಯು, ಮರೆವು ಅಲ್ಲಿನ ಮುಖ್ಯ ಪಟ್ಟಿ. ಗೆಡ್ಡೆಯ ಲಕ್ಷಣವನ್ನೂ ಸೇರಿಸಿ, ತಿಂಗಳಿಗೊಮ್ಮೆಯಾದರೂ ಕೆಜಿಎಫ್, ಬಂಗಾರಪೇಟೆ ತಾಲ್ಲೂಕು ಆಸ್ಪತ್ರೆಗೆ ಅದೇ ಕ್ಲಿನಿಕ್ ಬರಲಿ.

ಸಂಶೋಧನೆ ನಮಗೆ ಸಂಬಂಧಿಸಿದ್ದಲ್ಲ ಅನ್ನುವವರಿಗೂ ಒಂದು ಮಾತು. ಸೈನೈಡ್ ದಿಬ್ಬದ ಧೂಳಿನಿಂದಲೇ ಈ ಗೆಡ್ಡೆ ಬರುತ್ತದೆ ಅಂತ ಕೆಜಿಎಫ್‌ನಲ್ಲಿ ಬಹಳ ಜನ ನಂಬಿದ್ದಾರೆ. ಅದಕ್ಕೆ ಆಧಾರ ನಾವು ಕಂಡಿಲ್ಲ, ಸುದ್ದಿ ಮಾಡಿ ಹೆದರಿಸುವುದೂ ಇಲ್ಲ. ಆದರೆ ಹೌದು, ಇಲ್ಲ ಎರಡನ್ನೂ ಹೇಳಲು ಮೊದಲು ಎಣಿಸಬೇಕು. ಕಿದ್ವಾಯಿ 1980ರ ದಶಕದ ಆರಂಭದಿಂದ ನಡೆಸುತ್ತಿರುವ ಜನಸಂಖ್ಯಾ ಕ್ಯಾನ್ಸರ್ ನೋಂದಣಿ ಬೆಂಗಳೂರು ನಗರದವರದ್ದು. ನಮ್ಮವರು ಅಲ್ಲಿಗೆ ಹೋದರೆ ಆಸ್ಪತ್ರೆಯ ದಾಖಲೆಯಲ್ಲಿ ಸೇರುತ್ತಾರೆ. ಹೋಗಲಾಗದೆ ಲೈನ್ ಮನೆಯಲ್ಲೇ ತೀರಿಕೊಂಡವರು ಎಲ್ಲಿ ಸೇರುತ್ತಾರೆ? 1965ರಲ್ಲಿ ಇದೇ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ನ್ಯೂಟ್ರಿನೋ ಅನ್ನುವ ಕಣ್ಣಿಗೆ ಕಾಣದ ಕಣದ ಗುರುತು ಹಿಡಿದರು. ಕಣ್ಣೆದುರಿನ ರೋಗಿಗಳನ್ನು ಎಣಿಸಲು ಅಷ್ಟು ಆಳಕ್ಕೆ ಇಳಿಯಬೇಕಿಲ್ಲ.

ಕೊನೆಯದಾಗಿ ಮಾತ್ರೆಯ ವಿಷಯ. ಮಿದುಳಿನ ಊತ ಇಳಿಸುವ ಡೆಕ್ಸಾಮೆಥಾಸೋನ್ ಅಗ್ಗದ್ದೇ. ತಗೊಂಡರೆ ರೋಗಿ ಎದ್ದು ಕೂರುತ್ತಾರೆ, ವಾಸಿಯಾಯಿತು ಅಂತ ಮನೆಯವರು ನಿಲ್ಲಿಸಿಬಿಡುತ್ತಾರೆ. ಹಾಗೆ ಏಕಾಏಕಿ ನಿಲ್ಲಿಸುವುದು ಅಪಾಯ. ಫಿಟ್ಸ್ ಮಾತ್ರೆಯೂ ಅಷ್ಟೇ. ಇವೆರಡೂ ತಾಲ್ಲೂಕು ಆಸ್ಪತ್ರೆಯಲ್ಲಿ ಸದಾ ಇರಬೇಕು, ಮುಗಿದಾಗ ಬೆಂಗಳೂರಿಗೆ ಓಡಿಸಬಾರದು. ಜೂನ್ 8 ವಿಶ್ವ ಮಿದುಳು ಗೆಡ್ಡೆ ದಿನ. ಅಷ್ಟರೊಳಗೆ ರೋಗಿಗಳ ಮನೆಯವರ ಸಹಿ ಹಾಕಿಸಿ ಈ ಬೇಡಿಕೆಗಳನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಬೇಕು ಅಂದುಕೊಂಡಿದ್ದೇವೆ. ನಿಮ್ಮ ಬೀದಿಯಲ್ಲಿ ಅಂಥ ಮನೆ ಇದ್ದರೆ ಇದನ್ನು ಓದಿ ಹೇಳಿ.