ಬೆಕ್ಕಿನ ಹಾಡಿಗೇ ನಿಲ್ಲಿಸಬೇಡಿ

ಉದ್ದ ಕ್ಯಾಪ್ಷನ್, ಇವತ್ತೂ ಅಷ್ಟೇ. ತಡ್ಕೊಳ್ಳಿ.

ಬೆಂಜಮಿನ್ ಬ್ರಿಟನ್ 1943ರಲ್ಲಿ ಬರೆದ 'ರಿಜಾಯ್ಸ್ ಇನ್ ದ ಲ್ಯಾಂಬ್' ಅನ್ನೋ ಚರ್ಚ್ ಸಂಗೀತ ಇದೆ. ಕ್ವಾಯರ್, ನಾಲ್ಕು ಸೋಲೋ ದನಿ, ಜೊತೆಗೆ ಆರ್ಗನ್. ಅದರಲ್ಲಿ ಒಬ್ಬ ಹುಡುಗ ಎಳೆ ದನಿಯಲ್ಲಿ ಜೆಫ್ರಿ ಅನ್ನೋ ಬೆಕ್ಕನ್ನ ಹೊಗಳಿ ಹಾಡ್ತಾನೆ. ಹಿಂದೆ ಆರ್ಗನ್, ಬೆಕ್ಕು ಮೈ ಮುರಿಯೋ ಥರಾನೇ ಬಳುಕತ್ತೆ. ಸಖತ್ ಕ್ಯೂಟ್, ಒಪ್ಪಿದೆ. ಆದ್ರೆ ಅಷ್ಟನ್ನೇ ಕತ್ತರಿಸಿ ಕೇಳೋದು ಆ ಪದ ಬರೆದವನಿಗೆ ಮಾಡೋ ಅನ್ಯಾಯ.

ಅವನು ಕ್ರಿಸ್ಟೋಫರ್ ಸ್ಮಾರ್ಟ್, 18ನೇ ಶತಮಾನದ ಲಂಡನ್ನಿನ ಕವಿ. ನಡುರಸ್ತೆಯಲ್ಲೇ ಮಂಡಿಯೂರಿ ಪ್ರಾರ್ಥನೆ ಮಾಡ್ತಿದ್ದ, ಎದುರು ಸಿಕ್ಕವರನ್ನೂ ಕರೀತಿದ್ದ. 1757ರಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸಿದ್ರು. ಡಿಕ್ಷನರಿ ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಇವನ ಗೆಳೆಯ. ಕೂಡಿಹಾಕಬಾರದಿತ್ತು ಅನ್ನೋದೇ ಆತನ ಅಭಿಪ್ರಾಯ. ಬಿಡುಗಡೆ ಆಗಿದ್ದು 1763ರಲ್ಲಿ. ಒಳಗಿದ್ದಾಗ ಜೊತೆಗಿದ್ದ ಜೀವ ಜೆಫ್ರಿ. ಕೊನೆಗೆ 1771ರಲ್ಲಿ ಸತ್ತಿದ್ದು ಸಾಲಗಾರರ ಜೈಲಲ್ಲಿ. (ಕಾಮರ್ಸ್‌ನವರೇ, ಸಾಲ ತೀರಿಸದವನನ್ನ ಜೈಲಲ್ಲಿಟ್ರೆ ಅವನು ದುಡಿದು ತೀರಿಸೋದ್ಯಾವಾಗ? ಇರ್ಲಿ.) ಆಸ್ಪತ್ರೆಯಲ್ಲಿ ಬರೆದ ಆ ಕವನ ಅಚ್ಚಾಗಿದ್ದು 1939ರಲ್ಲಿ, ಅವನು ಸತ್ತು 168 ವರ್ಷ ಆದಮೇಲೆ.

ನಾಲ್ಕೇ ವರ್ಷಕ್ಕೆ ನಾರ್ಥಾಂಪ್ಟನ್ನಿನ ಸೇಂಟ್ ಮ್ಯಾಥ್ಯೂ ಚರ್ಚ್‌ಗೆ 50 ತುಂಬ್ತು. ಅಲ್ಲಿನ ಪಾದ್ರಿ ವಾಲ್ಟರ್ ಹಸ್ಸಿ ಸಂಗೀತ ಕೇಳಿದಾಗ ಬ್ರಿಟನ್ ಆರಿಸಿದ್ದು ಇದನ್ನ. ಹಬ್ಬದ ದಿನಕ್ಕೆ ಹುಚ್ಚಾಸ್ಪತ್ರೆಯ ಕವನ! ಬ್ರಿಟನ್ ಕೂಡ ಯುದ್ಧದ ನಡುವೆ ನಾನು ಬಂದೂಕು ಹಿಡಿಯಲ್ಲ ಅಂದಿದ್ದವನು, ಗುಂಪಿನಿಂದ ಹೊರಗೆ ನಿಲ್ಲೋದು ಗೊತ್ತಿತ್ತು.

ಈಗ ಅವನು ಜೋಡಿಸಿದ ಕ್ರಮ ನೋಡಿ. ಬೆಕ್ಕು ಆದ್ಮೇಲೆ ಇಲಿ: ತನ್ನ ಹೆಣ್ಣಿಲಿಯನ್ನ ಬೆಕ್ಕು ಹಿಡಿದ್ರೆ ಓಡದೆ ಎದುರು ನಿಲ್ಲೋ ಗಂಡಿಲಿ. ಆಮೇಲೆ ಹೂವು. ಅದಾದ ತಕ್ಷಣ ಆರ್ಗನ್ ಭಾರ ಆಗತ್ತೆ, ಇಡೀ ಕ್ವಾಯರ್ ಕವಿಯ ನೋವು ಹಾಡತ್ತೆ. ಕಾವಲುಗಾರ ದೊಣ್ಣೆಯಿಂದ ಹೊಡೆದಿದ್ದು, ಜನ ಪೆದ್ದ ಅಂದಿದ್ದು, ಯೇಸುವನ್ನೂ ಹೀಗೇ ತಲೆಕೆಟ್ಟವನು ಅಂದಿದ್ರು ಅನ್ನೋದು. 'ಪೆದ್ದ' ಅನ್ನೋ ಬೈಗುಳವನ್ನ ಕ್ವಾಯರ್ ಮತ್ತೆ ಮತ್ತೆ ಕೂಗತ್ತೆ. ಬೆಕ್ಕಿನ ಮೇಲೆ ಅಷ್ಟು ಪ್ರೀತಿ ಯಾಕಿತ್ತು ಅಂತ ಅಲ್ಲಿ ಗೊತ್ತಾಗತ್ತೆ.

'ಮ್ಯೂಸಿಕ್ ಚೆನ್ನಾಗಿದ್ರೆ ಸಾಕು, ಕಥೆ ಯಾಕೆ' ಅಂತೀರಾ? ಕಥೆ ಗೊತ್ತಿಲ್ದಿದ್ರೂ ಆ ಕೂಗು ಚುಚ್ಚತ್ತೆ. ನಮ್ಮ ಗ್ರೂಪಲ್ಲಿ ದಿನಕ್ಕೆ ಎಷ್ಟು ಸಲ 'ಮೆಂಟಲ್' ಅಂತ ಟೈಪ್ ಮಾಡ್ತೀವಿ, ನೀವೇ ಎಣಿಸಿ. ಯಾರಿಗೆ ಹೇಳ್ತೀವಿ ಅನ್ನೋದನ್ನೂ ನೋಡಿ.

ಆ ಕೂಗಾದ್ಮೇಲೂ ಕೊನೆ ಮೆಲುದನಿಯ ಹಲ್ಲೆಲೂಯಾ. ಮೊದಲು ಬಂದಿದ್ದ ಅದೇ ರಾಗ. ಪೂರ್ತಿ ಸುಮಾರು 17 ನಿಮಿಷ, ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ಇಲಿ ಹೇಗನ್ನಿಸ್ತು ಅಂತ ಕಮೆಂಟಲ್ಲಿ ಹೇಳಿ, ನಾನು ಇಲಿ ಪಾರ್ಟಿ.